ಈಟಿ ಹಿಡಿದ ನೆರೆಹೊರೆಯವರು

ಕೈಸರೈಯದ ಬಂದರಿಗೆ ಬಿಸಿಲು ಬರುವುದು ಊರಿನ ಬೆನ್ನ ಹಿಂದಿನಿಂದ. ಎದುರಿನ ಪಡುಗಡಲು ಇನ್ನೂ ಕಪ್ಪಗಿರುವಾಗಲೇ ಎತ್ತರದ ಜಗಲಿಯ ಮೇಲಿನ ಗುಡಿಯ ಕಂಬಗಳು ಬೆಳಗುತ್ತವೆ. ಆಗಸ್ಟಸ್ ಚಕ್ರವರ್ತಿಗೂ ರೋಮಾ ದೇವತೆಗೂ ಹೆರೋದ ರಾಜ ಕಟ್ಟಿಸಿದ ಗುಡಿ ಅದು. ಕೆಳಗೆ ಬಂದರಿನ ಒಡ್ಡು. ಇಟಲಿಯಿಂದ ಹಡಗಿನಲ್ಲಿ ತರಿಸಿದ ಜ್ವಾಲಾಮುಖಿಯ ಬೂದಿಯನ್ನು ಸುಣ್ಣದೊಂದಿಗೆ ಬೆರೆಸಿ, ನೀರಿನೊಳಗೇ ಗಟ್ಟಿಯಾಗುವ ಗಾರೆ ಮಾಡಿ ಕಟ್ಟಿದ್ದು. ದಕ್ಷಿಣಕ್ಕೆ, ಅಲೆಗಳ ನಡುವೆ ಚಾಚಿದ ಬಂಡೆಯ ಮೇಲೆ ಅರಮನೆ. ಅಲ್ಲೀಗ ರಾಜನಿಲ್ಲ, ರೋಮ್ ಕಳುಹಿಸಿದ ಅಧಿಪತಿ ಇದ್ದಾನೆ. ಹೆಸರು ಪೊಂತ್ಯ ಪಿಲಾತ. ಕ್ರಿ.ಶ. 30ರ ಆಸುಪಾಸಿನ ಒಂದು ವಸಂತಕಾಲ. ಪಸ್ಕ ಹಬ್ಬ ಹತ್ತಿರವಾಗಿದೆ. ಹಬ್ಬಕ್ಕೆ ಜನ ಸೇರುವ ಯೆರೂಸಲೇಮಿಗೆ ಅಧಿಪತಿ ಹೊರಡಬೇಕು. ಸುಮಾರು ನೂರು ಕಿಲೋಮೀಟರ್ ದಾರಿ, ಕೊನೆಯ ಭಾಗವೆಲ್ಲ ಏರು. ಸಿಪಾಯಿಗಳು ಸಾಲುಗಟ್ಟುತ್ತಿದ್ದಾರೆ.

ಆ ಸಾಲಿನ ಹತ್ತಿರ ಹೋಗಿ ಮುಖಗಳನ್ನು ನೋಡಬೇಕು. ಸಿನಿಮಾಗಳು ನಮ್ಮ ಕಣ್ಣಿಗೆ ಕಟ್ಟಿಕೊಟ್ಟಿರುವ ರೋಮನ್ ಸೈನಿಕ ಬೇರೆಯೇ: ಉಕ್ಕಿನ ಪಟ್ಟಿಗಳ ಕವಚ, ಆಳೆತ್ತರದ ಚೌಕ ಗುರಾಣಿ, ಕೆಂಪು ಜುಟ್ಟಿನ ಶಿರಸ್ತ್ರಾಣ, ದೂರದ ಇಟಲಿಯ ಚಹರೆ. ಯೇಸು ಓಡಾಡಿದ ನಾಡಿನಲ್ಲಿ ಅಂಥ ಸೈನಿಕರ ಖಾಯಂ ನೆಲೆ ಇರಲಿಲ್ಲ. ರೋಮಿನ ಹೆಮ್ಮೆಯ ಲೀಜನ್‌ಗಳು, ಅಂದರೆ ತಲಾ ಐದು ಸಾವಿರದಷ್ಟು ನಾಗರಿಕ ಸೈನಿಕರ ಮಹಾದಳಗಳು, ಉತ್ತರದ ಸಿರಿಯ ಪ್ರಾಂತ್ಯದಲ್ಲಿದ್ದವು. ಅಲ್ಲಿ ನಾಲ್ಕು ಲೀಜನ್. ಯೂದಾಯ ಚಿಕ್ಕ ಪ್ರಾಂತ್ಯ, ಕ್ರಿ.ಶ. 6ರಲ್ಲಿ ಹೆರೋದನ ಮಗ ಅರ್ಖೆಲಾಯನನ್ನು ಪಟ್ಟದಿಂದಿಳಿಸಿ ರೋಮ್ ನೇರವಾಗಿ ಕೈಗೆತ್ತಿಕೊಂಡ ನೆಲ. ಅದರ ಅಧಿಪತಿಯ ಕೈಯಲ್ಲಿದ್ದದ್ದು ಸಹಾಯಕ ಪಡೆಗಳು ಮಾತ್ರ. ಐದು ಕಾಲಾಳು ಪಟಾಲಮುಗಳು, ಒಂದು ಕುದುರೆದಳ. ಎಲ್ಲ ಸೇರಿದರೂ ಮೂರು ಸಾವಿರದಷ್ಟು ಜನ.

ಈ ಜನ ಬಂದದ್ದು ಎಲ್ಲಿಂದ? ಮೊದಲ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಸ್ಪಷ್ಟವಾಗಿ ಹೇಳುತ್ತಾನೆ: ಸೆಬಾಸ್ತೆ ಮತ್ತು ಕೈಸರೈಯ ಪಟ್ಟಣಗಳಿಂದ. ಸೆಬಾಸ್ತೆ ಎಂದರೆ ಹಳೆಯ ಸಮಾರ್ಯ ಪಟ್ಟಣ; ಹೆರೋದ ಅದನ್ನು ಹೊಸದಾಗಿ ಕಟ್ಟಿ ಆಗಸ್ಟಸನ ಹೆಸರಿಟ್ಟಿದ್ದ. ಅಲ್ಲಿಂದ ಯೆರೂಸಲೇಮಿಗೆ ಎರಡು ಮೂರು ದಿನದ ನಡಿಗೆ. ಆ ಪಡೆಗಳಿಗೆ ಸೇರುತ್ತಿದ್ದವರು ಗ್ರೀಕ್ ಮತ್ತು ಅರಾಮಿಕ್ ಮಾತಾಡುವ, ಯೆಹೂದ್ಯರಲ್ಲದ ಆಸುಪಾಸಿನ ಯುವಕರು. ಯೆಹೂದ್ಯರಿಗೆ ಯೂಲಿಯಸ್ ಸೀಸರನ ಕಾಲದಿಂದ ಸೈನ್ಯಸೇವೆಯ ವಿನಾಯಿತಿ ಇತ್ತು. ಸಬ್ಬತ್ ದಿನ ಆಯುಧ ಹೊರುವುದು ಅವರ ಧರ್ಮಶಾಸ್ತ್ರಕ್ಕೆ ಒಗ್ಗದ ಕೆಲಸ. ಹೀಗಾಗಿ ರೋಮಿನ ಹೆಸರಿನಲ್ಲಿ ಯೆಹೂದ್ಯರ ಮೇಲೆ ಕಾವಲು ನಿಂತವರು ಪಕ್ಕದೂರಿನವರೇ. ತಲೆಮಾರುಗಳಿಂದ ಗಡಿ, ಗುಡಿ, ಗೌರವಗಳಿಗಾಗಿ ಜಗಳವಾಡಿಕೊಂಡು ಬಂದ ನೆರೆಹೊರೆಯವರು. ಸುವಾರ್ತೆಗಳಲ್ಲಿ ಸಿಪಾಯಿ ಬಂದಾಗಲೆಲ್ಲ ಈ ಸಂಗತಿ ನೆನಪಿನಲ್ಲಿದ್ದರೆ ಓದುತ್ತಿರುವ ಕಥೆಯ ಬಣ್ಣವೇ ಬದಲಾಗುತ್ತದೆ.

ಅವರನ್ನು ಆಳುತ್ತಿದ್ದವನ ಗುರುತೂ ಇದೇ ಕೈಸರೈಯದಲ್ಲಿ ಸಿಕ್ಕಿತು. 1961ರಲ್ಲಿ ಇಟಲಿಯ ಪುರಾತತ್ವಜ್ಞರು ಇಲ್ಲಿನ ರಂಗಮಂದಿರವನ್ನು ಅಗೆಯುತ್ತಿದ್ದಾಗ ಮೆಟ್ಟಿಲಿಗೆ ಬಳಸಿದ್ದ ಒಂದು ಸುಣ್ಣಕಲ್ಲಿನ ಮೇಲೆ ಅಕ್ಷರಗಳು ಕಂಡವು. ಅರ್ಧ ಅಳಿಸಿದ ನಾಲ್ಕು ಸಾಲು ಲ್ಯಾಟಿನ್. ಅದರಲ್ಲಿ ತಿಬೇರಿಯಸ್ ಚಕ್ರವರ್ತಿಯ ಹೆಸರಿನ ಕಟ್ಟಡವೊಂದರ ಪ್ರಸ್ತಾಪ, ಅದರ ಕೆಳಗೆ ಪಿಲಾತನ ಹೆಸರು, ಯೂದಾಯದ ಅಧಿಪತಿ ಎಂಬ ಹುದ್ದೆ. ಕ್ರಿ.ಶ. 26ರಿಂದ 36ರವರೆಗೆ ಹತ್ತು ವರ್ಷ ಈ ನಾಡನ್ನಾಳಿದವನ ಕಲ್ಲಿನ ಸಾಕ್ಷಿ ಈಗ ಯೆರೂಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿದೆ.

ಸಂಬಳದ ಚೀಟಿ

ಲೂಕನ ಸುವಾರ್ತೆಯಲ್ಲಿ ಸಿಪಾಯಿಗಳು ಮೊದಲು ಕಾಣಿಸಿಕೊಳ್ಳುವುದು ಯೊರ್ದನ್ ಹೊಳೆಯ ಸೀಮೆಯಲ್ಲಿ. ಒಂಟೆಯ ಕೂದಲಿನ ಉಡುಪಿನ ಯೋಹಾನ ಪಶ್ಚಾತ್ತಾಪದ ಸ್ನಾನ ಮಾಡಿಸುತ್ತಿದ್ದಾನೆ. ಜನರ ಗುಂಪು, ಸುಂಕದವರು, ಅವರ ಹಿಂದೆ ಸಿಪಾಯಿಗಳು. ನಾವೇನು ಮಾಡಬೇಕು ಎಂದು ಅವರೂ ಕೇಳುತ್ತಾರೆ. ಯೋಹಾನ ಅವರಿಗೆ ಸೈನ್ಯ ಬಿಡಿ ಎನ್ನುವುದಿಲ್ಲ. ಹೆದರಿಸಿ ದುಡ್ಡು ಕೀಳಬೇಡಿ, ಸುಳ್ಳು ದೂರು ಹೊರಿಸಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎನ್ನುತ್ತಾನೆ. ಈ ಬುದ್ಧಿಮಾತಿನ ಹಿಂದೆ ಆ ಕಾಲದ ಸಿಪಾಯಿ ಬದುಕು ಪೂರ್ತಿಯಾಗಿ ಇದೆ.

ಆಗಸ್ಟಸನ ಕಾಲದಲ್ಲಿ ಲೀಜನ್ನಿನ ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ 225 ದಿನಾರ, ಮೂರು ಕಂತುಗಳಲ್ಲಿ. ಸಹಾಯಕ ಪಡೆಯವನಿಗೆ ಅದಕ್ಕಿಂತ ಹೆಚ್ಚೇನೂ ಸಿಗುತ್ತಿರಲಿಲ್ಲ. ದ್ರಾಕ್ಷೇತೋಟದ ಕೂಲಿಯವನ ದಿನಗೂಲಿ ಒಂದು ದಿನಾರ ಎಂದು ಯೇಸು ಹೇಳಿದ ಸಾಮ್ಯವೊಂದರಲ್ಲಿ ಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಸಿಪಾಯಿಯ ದಿನದ ಗಳಿಕೆ ಅದಕ್ಕೂ ಕಡಿಮೆ. ಅವನಿಗಿದ್ದ ಭರವಸೆ ಎಂದರೆ ಕೆಲಸ ತಪ್ಪುವುದಿಲ್ಲ ಎಂಬುದು. ಇಪ್ಪತ್ತೈದು ವರ್ಷ ದುಡಿಯಬೇಕು. ಅಷ್ಟು ವರ್ಷವೂ ಕಾನೂನುಬದ್ಧ ಮದುವೆಗೆ ಅವಕಾಶವಿಲ್ಲ. ಬದುಕುಳಿದು ನಿವೃತ್ತನಾದರೆ, ಕ್ಲೌದ್ಯ ಚಕ್ರವರ್ತಿಯ ಕಾಲದಿಂದ, ರೋಮಿನ ನಾಗರಿಕತ್ವ. ಅದರ ಪ್ರಮಾಣಪತ್ರವಾಗಿ ಎರಡು ಕಂಚಿನ ಹಲಗೆ.

ಕೈಗೆ ಬರುವ ಸಂಬಳವೂ ಪೂರ್ತಿ ಕೈಗೆ ಬರುತ್ತಿರಲಿಲ್ಲ. ಮೃತ ಸಮುದ್ರದ ದಂಡೆಯ ಮಸಾದ ಕೋಟೆಯಲ್ಲಿ ಸಿಕ್ಕ ಒಂದು ಪಪೈರಸ್ ಚೂರು ಇದನ್ನು ಕಣ್ಣಿಗೆ ಕಾಣುವಂತೆ ಮಾಡುತ್ತದೆ. ಕ್ರಿ.ಶ. 70ರ ದಶಕದ್ದು. ಗಾಯಸ್ ಮೆಸ್ಸಿಯಸ್ ಎಂಬ ಸೈನಿಕನ ಸಂಬಳದ ಲೆಕ್ಕ. ಊರು ಬೆರೂತಸ್, ಅಂದರೆ ಇಂದಿನ ಬೈರೂತ್. ಅವನೂ ಇದೇ ಕರಾವಳಿಯ ಹುಡುಗ. ಬಂದ ಕಂತು 50 ದಿನಾರ. ಅದರಲ್ಲಿ ಜವೆಗೋಧಿಯ ಬಾಬ್ತು 16 ದಿನಾರ ಮುರಿದಿದ್ದಾರೆ. ಊಟದ ಖರ್ಚು 20. ಕಾಲಿನ ಬೂಟಿಗೆ 5. ಚರ್ಮದ ಪಟ್ಟಿಗಳಿಗೆ 2. ನಾರುಬಟ್ಟೆಯ ಅಂಗಿಗೆ 7. ಕೂಡಿಸಿದರೆ ಸರಿಯಾಗಿ 50. ಬೂಟು, ಅಂಗಿ, ಹೊಟ್ಟೆಪಾಡು ಕಳೆದು ಕೈಯಲ್ಲಿ ಉಳಿದದ್ದು ಏನೂ ಇಲ್ಲ. ಇಂಥವನು ದಾರಿಹೋಕನ ಚೀಲಕ್ಕೆ ಕೈ ಹಾಕುವುದು, ಅಂಗಡಿಯವನನ್ನು ಹೆದರಿಸುವುದು, ಬಡವನ ಮೇಲೆ ಸುಳ್ಳು ಆಪಾದನೆ ಹೊರಿಸಿ ಬಿಡುಗಡೆಗೆ ಬೆಲೆ ಕೇಳುವುದು ಹೊಸ ಸಂಗತಿಯಲ್ಲ. ಯೋಹಾನ ತನ್ನೆದುರಿಗೆ ನಿಂತವರ ಕಷ್ಟವನ್ನೂ ಕೇಡನ್ನೂ ಒಟ್ಟಿಗೆ ಬಲ್ಲವನಾಗಿದ್ದ.

ಆ ದಿನಾರವನ್ನು ನಾವು ಕನ್ನಡಿಗರು ನೋಡದವರಲ್ಲ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ತಿಬೇರಿಯಸನ ಮುಖವಿರುವ ಬೆಳ್ಳಿ ದಿನಾರ ದೊರೆತಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ನೂರೈವತ್ತಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಒಂದೇ ಕಡೆ ಸಿಕ್ಕವು. ಆಗಸ್ಟಸ್, ತಿಬೇರಿಯಸ್, ಕ್ಲೌದ್ಯರ ಕಾಲದವು. ಮೆಣಸು ಬಟ್ಟೆಗಳ ವ್ಯಾಪಾರದ ದಾರಿ ಹಿಡಿದು ಇಲ್ಲಿಗೆ ಬಂದ ಹಣ ಅದು. ಯೂದಾಯದ ಸಿಪಾಯಿಯ ಅಂಗೈಗೆ ಬಿದ್ದದ್ದೂ, ಕೈಸರನಿಗೆ ತೆರಿಗೆ ಕೊಡಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ಯೇಸು ತರಿಸಿ ತೋರಿಸಿದ್ದೂ ಇದೇ ಬಗೆಯ ನಾಣ್ಯ.

ಒಂದು ಮೈಲಿ, ಎರಡು ಮೈಲಿ

ಸಿಪಾಯಿಯನ್ನು ಹಳ್ಳಿಗರು ಹತ್ತಿರದಿಂದ ಕಾಣುತ್ತಿದ್ದದ್ದು ದಾರಿಯಲ್ಲಿ. ದಂಡು ಹೊರಟಿತೆಂದರೆ ಸಾಮಾನು ಹೊರಲು ಕತ್ತೆ ಬೇಕು, ಹೇಸರಗತ್ತೆ ಬೇಕು, ಗಾಡಿ ಬೇಕು. ಅವು ಸಿಗದಿದ್ದರೆ ಮನುಷ್ಯನ ಹೆಗಲು. ಹೊಲದಿಂದ ಬರುತ್ತಿದ್ದವನನ್ನು ತಡೆದು ಹೊರೆ ಹೊರಿಸುವ ಹಕ್ಕು ರೋಮಿಗಿಂತ ಹಳೆಯದು, ಪರ್ಷಿಯಾದ ಅರಸರ ಅಂಚೆಯ ಕಾಲದ್ದು. ರೋಮ್ ಅದನ್ನು ಹಾಗೇ ಉಳಿಸಿಕೊಂಡಿತು. ಇಂದಿನ ಟರ್ಕಿಯ ಬುರ್ದೂರ್ ಸೀಮೆಯಲ್ಲಿ ತಿಬೇರಿಯಸನ ಆಳ್ವಿಕೆಯ ಆರಂಭದ ಒಂದು ಶಾಸನ ಸಿಕ್ಕಿದೆ. ಸೆಕ್ಸ್ತಸ್ ಸೋತಿದಿಯಸ್ ಸ್ತ್ರಾಬೋ ಎಂಬ ಅಧಿಪತಿ ಹೊರಡಿಸಿದ್ದು. ಲ್ಯಾಟಿನ್ನಿನಲ್ಲೂ ಗ್ರೀಕಿನಲ್ಲೂ ಕೆತ್ತಿಸಿದ್ದಾನೆ, ಯಾರೂ ತಿಳಿಯದು ಎನ್ನಬಾರದೆಂದು. ಯಾವ ದರ್ಜೆಯ ಅಧಿಕಾರಿಗೆ ಎಷ್ಟು ಗಾಡಿ, ಎಷ್ಟು ಹೇಸರಗತ್ತೆ, ಯಾವುದಕ್ಕೆ ಎಷ್ಟು ಬಾಡಿಗೆ, ಸ್ವಂತ ವ್ಯಾಪಾರದ ಧಾನ್ಯ ಸಾಗಿಸುವವನಿಗೆ ಏನೂ ಇಲ್ಲ ಎಂದು ಕಟ್ಟಳೆ. ಕಲ್ಲಿನಲ್ಲಿ ಕೊರೆಸುವಷ್ಟು ದೂರುಗಳು ಬಂದಿದ್ದವು ಎಂಬುದು ಇದರಿಂದಲೇ ತಿಳಿಯುತ್ತದೆ.

ಗಲಿಲಾಯದ ಬೆಟ್ಟದ ಮೇಲೆ ಕುಳಿತು ಕೇಳುತ್ತಿದ್ದವರ ಹೆಗಲುಗಳಿಗೆ ಈ ಹೊರೆಯ ಪರಿಚಯವಿತ್ತು. ಒಂದು ಮೈಲಿ ಬಾ ಎಂದು ಬಲವಂತ ಮಾಡಿದವನ ಜೊತೆ ಎರಡು ಮೈಲಿ ಹೋಗು ಎಂದು ಯೇಸು ಹೇಳಿದಾಗ ಅವರ ಕಣ್ಣ ಮುಂದೆ ಬಂದಿರಬಹುದಾದದ್ದು ಇಂಥದೇ ದಾರಿ, ಇಂಥದೇ ಧೂಳು. ಮುಂದಿನ ತಲೆಮಾರಿನಲ್ಲಿ, ಗುಲಾಮನಾಗಿ ಹುಟ್ಟಿ ತತ್ವಜ್ಞಾನಿಯಾದ ಎಪಿಕ್ಟೆಟಸ್ ಕೂಡ ಇದನ್ನೇ ಕುರಿತು ಮಾತಾಡಿದ್ದಾನೆ. ಸಿಪಾಯಿ ನಿನ್ನ ಕತ್ತೆಯನ್ನು ಹಿಡಿದುಕೊಂಡರೆ ಬಿಟ್ಟುಬಿಡು, ತಡೆದರೆ ಏಟು ತಿನ್ನುವೆ, ಕತ್ತೆಯೂ ಹೋಗುತ್ತದೆ ಎಂಬುದು ಅವನ ಸಲಹೆ. ಅದರಲ್ಲಿ ವಿವೇಕವಿದೆ, ನಿನ್ನನ್ನು ನೀನು ಕಾಪಾಡಿಕೋ ಎಂಬ ಎಚ್ಚರವಿದೆ. ಯೇಸುವಿನ ಮಾತು ಇನ್ನೊಂದು ದಿಕ್ಕಿಗೆ ಹೋಗುತ್ತದೆ. ಮೊದಲ ಮೈಲಿ ಸಿಪಾಯಿಯದ್ದು. ಎರಡನೆಯದನ್ನು ಯಾರೂ ಆಜ್ಞಾಪಿಸಿಲ್ಲ. ಆ ಎರಡನೆಯ ಮೈಲಿಯಲ್ಲಿ ಹೊರೆ ಹೊತ್ತವನೂ ಈಟಿ ಹಿಡಿದವನೂ ಮೊದಲ ಬಾರಿಗೆ ಸರಿಸಮಾನರಾಗಿ ನಡೆಯುತ್ತಾರೆ.

ಇದೇ ಗಲಿಲಾಯದ ಸರೋವರದ ದಂಡೆಯಲ್ಲಿ, ಕರಿಗಲ್ಲಿನ ಮನೆಗಳ ಕಪೆರ್ನೌಮಿನಲ್ಲಿ, ಒಬ್ಬ ಶತಾಧಿಪತಿ ಇದ್ದ. ನೂರಾಳಿನ ಒಡೆಯನೆಂದು ಹೆಸರು. ಲೆಕ್ಕದಲ್ಲಿ ಎಂಬತ್ತು ಆಳು. ಗಲಿಲಾಯ ಆಗ ರೋಮಿನ ನೇರ ಆಡಳಿತದಲ್ಲಿ ಇರಲಿಲ್ಲ, ಕ್ರಿ.ಶ. 39ರವರೆಗೂ ಅದು ಹೆರೋದ ರಾಜನ ಇನ್ನೊಬ್ಬ ಮಗ ಹೆರೋದ ಅಂತಿಪನದು. ಆದ್ದರಿಂದ ಈ ಅಧಿಕಾರಿ ಅಂತಿಪನ ಪಡೆಯವನಾಗಿದ್ದಿರಬೇಕೆಂದು ಹಲವು ವಿದ್ವಾಂಸರ ಎಣಿಕೆ. ಯೆಹೂದ್ಯನಲ್ಲದ ಅವನು ಊರಿನ ಯೆಹೂದ್ಯರಿಗೆ ಸಭಾಮಂದಿರ ಕಟ್ಟಿಸಿಕೊಟ್ಟಿದ್ದ ಎನ್ನುತ್ತಾನೆ ಲೂಕ. ಹಾಸಿಗೆ ಹಿಡಿದ ತನ್ನ ಆಳಿಗಾಗಿ ಅವನು ಯೇಸುವಿಗೆ ಹೇಳಿಕಳುಹಿಸುವ ಮಾತು ಪಕ್ಕಾ ಸಿಪಾಯಿಯ ಮಾತು: ನನ್ನ ಮೇಲೂ ಅಧಿಕಾರವಿದೆ, ನನ್ನ ಕೆಳಗೂ ಜನರಿದ್ದಾರೆ, ಹೋಗು ಎಂದರೆ ಹೋಗುತ್ತಾರೆ, ಬಾ ಎಂದರೆ ಬರುತ್ತಾರೆ, ನೀನು ಮನೆಗೆ ಬರಬೇಕಿಲ್ಲ, ಅಪ್ಪಣೆ ಕೊಟ್ಟರೆ ಸಾಕು. ಯೇಸು ಬೆರಗಾದ ಎಂದು ಸುವಾರ್ತೆ ಬರೆಯುವುದು ಅಪರೂಪ. ಇಲ್ಲಿ ಬರೆಯುತ್ತದೆ.

ಹಬ್ಬದ ಕಾವಲು

ಈಗ ಯೆರೂಸಲೇಮು. ದೇವಾಲಯದ ವಿಶಾಲ ಅಂಗಳದ ವಾಯವ್ಯ ಮೂಲೆಯಲ್ಲಿ ಅಂತೋನಿಯ ಕೋಟೆ. ಹೆರೋದ ತನ್ನ ಗೆಳೆಯ ಮಾರ್ಕ್ ಆಂಟನಿಯ ಹೆಸರಿಟ್ಟ ಬುರುಜು. ಅಲ್ಲಿ ಒಂದು ಪಟಾಲಮು ಸದಾ ಠಾಣ್ಯ. ಪಸ್ಕ ಬಂದಾಗ ಅವರು ಅಂಗಳದ ಸುತ್ತಲಿನ ಕಂಬಸಾಲುಗಳ ಚಾವಣಿ ಏರುತ್ತಾರೆ. ಕೆಳಗೆ ಲಕ್ಷಗಟ್ಟಲೆ ಯಾತ್ರಿಕರು, ಕುರಿಮರಿಗಳ ಅರಚಾಟ, ಧೂಪದ ಹೊಗೆ, ಕೀರ್ತನೆಗಳ ಅಲೆ. ಐಗುಪ್ತದ ಅರಸನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಹಬ್ಬ ಅದು. ಮೇಲೆ ಬಿಸಿಲಿಗೆ ಹೊಳೆಯುವ ಈಟಿಯ ಮೊನೆಗಳು. ಬಿಡುಗಡೆಯ ಹಾಡು ಹಾಡುವವರು ತಲೆಯೆತ್ತಿದರೆ ಕಾಣುವುದು ಪರರ ಕಾವಲು.

ಒಂದು ಕಿಡಿ ಸಾಕು. ಕೂಮಾನಸ್ ಎಂಬವನು ಅಧಿಪತಿಯಾಗಿದ್ದಾಗ, ಕ್ರಿ.ಶ. 50ರ ಸುಮಾರಿಗೆ, ಪಸ್ಕದ ದಿನ ಚಾವಣಿಯ ಮೇಲಿನ ಸಿಪಾಯಿಯೊಬ್ಬ ಜನರಿಗೆ ಬೆನ್ನು ತಿರುಗಿಸಿ, ಬಟ್ಟೆ ಎತ್ತಿ, ಅಸಹ್ಯವಾಗಿ ಅಣಕಿಸಿದ. ಕಲ್ಲು ತೂರಾಟವಾಯಿತು, ಪಡೆ ನುಗ್ಗಿತು, ಇಕ್ಕಟ್ಟಾದ ದಾರಿಗಳಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಸಾವಿರಾರು ಮಂದಿ ಸತ್ತರು ಎಂದು ಜೋಸೆಫಸ್ ಬರೆಯುತ್ತಾನೆ. ಇದೇ ಕಾಲದಲ್ಲಿ ಹಳ್ಳಿಯೊಂದರ ತಪಾಸಣೆಗೆ ಹೋದ ಇನ್ನೊಬ್ಬ ಸಿಪಾಯಿ ಧರ್ಮಶಾಸ್ತ್ರದ ಸುರುಳಿಯನ್ನು ಹರಿದು ಬೆಂಕಿಗೆ ಹಾಕಿದ. ಜನ ಕೈಸರೈಯಕ್ಕೆ ದಂಡೆತ್ತಿದಂತೆ ಹೋಗಿ ಕೂತರು. ಕೊನೆಗೆ ಆ ಸಿಪಾಯಿಯ ತಲೆ ಕಡಿಸಬೇಕಾಯಿತು. ಇಟಲಿಯಿಂದ ಬಂದ ಪರದೇಶಿಗೆ ಯಾವುದು ಚುಚ್ಚುತ್ತದೆಂದು ತಿಳಿಯುವುದು ಕಷ್ಟ. ನೆರೆಯವನಿಗೆ ಚೆನ್ನಾಗಿ ತಿಳಿದಿರುತ್ತದೆ.

ಪಿಲಾತನ ಕಾಲದಲ್ಲೂ ಇಂಥದು ನಡೆದಿತ್ತು. ಚಕ್ರವರ್ತಿಯ ಮುಖವಿರುವ ದಂಡಿನ ಧ್ವಜಗಳನ್ನು ಅವನು ರಾತ್ರೋರಾತ್ರಿ ಯೆರೂಸಲೇಮಿಗೆ ತರಿಸಿದ. ವಿಗ್ರಹ ಸಲ್ಲದ ಪಟ್ಟಣ. ಜನ ಕೈಸರೈಯಕ್ಕೆ ನಡೆದು ದಿನಗಟ್ಟಲೆ ಅವನ ಮನೆಯ ಮುಂದೆ ಬಿದ್ದುಕೊಂಡರು. ಸಿಪಾಯಿಗಳು ಸುತ್ತುವರಿದು ಕತ್ತಿ ಹಿರಿದಾಗ ನೆಲಕ್ಕೆ ಬಿದ್ದು ಕುತ್ತಿಗೆ ಒಡ್ಡಿದರು. ಪಿಲಾತ ಸೋತು ಧ್ವಜ ವಾಪಸು ತರಿಸಿದ.

ಮುಳ್ಳಿನ ಕಿರೀಟ

ಈ ಹಿನ್ನೆಲೆಯಲ್ಲಿ ಪಸ್ಕದ ಆ ಶುಕ್ರವಾರದ ಬೆಳಗನ್ನು ನೋಡಬೇಕು. ಯೇಸುವಿನ ವಿಚಾರಣೆ ನಡೆದದ್ದು ಅಂತೋನಿಯ ಕೋಟೆಯಲ್ಲೆಂದು ಯಾತ್ರಿಕರಿಗೆ ಬಹುಕಾಲ ತೋರಿಸುತ್ತಿದ್ದರು. ಅಲ್ಲಿನ ಕನ್ಯಾಮಠದ ನೆಲಮಾಳಿಗೆಯ ಹಾಸುಗಲ್ಲಿನ ಮೇಲೆ ಸಿಪಾಯಿಗಳ ಆಟದ ಮನೆಗಳ ಗೆರೆಗಳೂ ಇವೆ. ಆ ಹಾಸು ಎರಡನೆಯ ಶತಮಾನದ್ದು, ಹೇಡ್ರಿಯನ್ ಚಕ್ರವರ್ತಿ ಪಟ್ಟಣವನ್ನು ಮತ್ತೆ ಕಟ್ಟಿಸಿದಾಗಿನದು ಎಂದು ಈಗ ಗೊತ್ತಾಗಿದೆ. ಅಧಿಪತಿ ಬಂದಾಗ ಇಳಿದುಕೊಳ್ಳುತ್ತಿದ್ದದ್ದು ಪಟ್ಟಣದ ಪಶ್ಚಿಮ ದಿಬ್ಬದ ಹೆರೋದನ ಅರಮನೆಯಲ್ಲಿ, ಈಗಿನ ಜಾಫಾ ಬಾಗಿಲ ಬಳಿ. ಆ ಅಂಗಳದಲ್ಲಿಯೇ ಪಟಾಲಮೆಲ್ಲ ಕೂಡಿತು ಎಂದುಕೊಳ್ಳಬೇಕು.

ಕೊರಡೆಯ ಏಟು ತಿಂದ ಕೈದಿಯ ಮೇಲೆ ಕೆಂಪು ನಿಲುವಂಗಿ ಹೊದಿಸುತ್ತಾರೆ. ಮುಳ್ಳು ಹೆಣೆದು ತಲೆಗಿಡುತ್ತಾರೆ. ಬಲಗೈಗೆ ಬೆತ್ತ. ಆಮೇಲೆ ಒಬ್ಬೊಬ್ಬರಾಗಿ ಬಂದು ಮೊಣಕಾಲೂರಿ, ಯೆಹೂದ್ಯರ ಅರಸನೇ ಎಂದು ವಂದಿಸುತ್ತಾರೆ, ಉಗುಳುತ್ತಾರೆ, ಅದೇ ಬೆತ್ತದಿಂದ ತಲೆಗೆ ಹೊಡೆಯುತ್ತಾರೆ. ಒಬ್ಬ ಬಡಗಿಯ ಮಗನ ಮೇಲೆ ಅವರಿಗೆ ಇಷ್ಟೊಂದು ಸಿಟ್ಟೇಕೆ? ಅಣಕಕ್ಕೆ ಗುರಿ ಆ ಒಬ್ಬ ಮನುಷ್ಯನಿಗಿಂತ ದೊಡ್ಡದು. ಪಕ್ಕದ ಜನಾಂಗ ತನಗೊಬ್ಬ ಅರಸ ಬರುವನೆಂದು ಎದುರುನೋಡುತ್ತಿದೆ. ಆ ಕನಸನ್ನೇ ಅಂಗಳದ ನಡುವೆ ನಿಲ್ಲಿಸಿ ಉಗುಳುತ್ತಿದ್ದಾರೆ.

ಇದು ಬರಿಯ ಊಹೆಯಲ್ಲ. ಕ್ರಿ.ಶ. 38ರಲ್ಲಿ ಅಲೆಕ್ಸಾಂದ್ರಿಯದ ಜನ, ಯೆಹೂದ್ಯರ ರಾಜ ಅಗ್ರಿಪ್ಪ ಪಟ್ಟಣಕ್ಕೆ ಬಂದಾಗ, ಕರಬಾಸ್ ಎಂಬ ಬುದ್ಧಿಭ್ರಮಣೆಯ ಬಡವನನ್ನು ಹಿಡಿದು ಪಪೈರಸ್ ಕಿರೀಟ ಇಟ್ಟು, ಚಾಪೆ ಹೊದಿಸಿ, ದಾರಿಯಲ್ಲಿ ಬಿದ್ದಿದ್ದ ಪಪೈರಸ್ ದಂಟನ್ನು ರಾಜದಂಡವೆಂದು ಕೊಟ್ಟು, ಒಡೆಯನೇ ಎಂದು ಕೂಗಿ ನಮಸ್ಕರಿಸಿದರು. ಅದೇ ಕಾಲದ ಯೆಹೂದ್ಯ ಲೇಖಕ ಫಿಲೋ ಇದನ್ನು ದಾಖಲಿಸಿದ್ದಾನೆ. ಅದೇ ಅಗ್ರಿಪ್ಪ ಕ್ರಿ.ಶ. 44ರಲ್ಲಿ ಸತ್ತಾಗ ಕೈಸರೈಯ, ಸೆಬಾಸ್ತೆಗಳಲ್ಲಿ ಏನಾಯಿತೆಂಬುದು ಇನ್ನೂ ಹತ್ತಿರದ ಸಾಕ್ಷಿ. ಪಡೆಯಲ್ಲಿದ್ದ ಇವೇ ಊರಿನವರು ಅವನ ಹೆಣ್ಣುಮಕ್ಕಳ ಪ್ರತಿಮೆಗಳನ್ನು ಅರಮನೆಯಿಂದ ಹೊತ್ತು ವೇಶ್ಯಾಗೃಹಗಳಿಗೆ ಒಯ್ದು ಅವಮಾನಿಸಿದರು. ಹೂಮಾಲೆ ಧರಿಸಿ ಬೀದಿಯಲ್ಲಿ ಔತಣ ಮಾಡಿದರು. ಕ್ಲೌದ್ಯ ಚಕ್ರವರ್ತಿ ಕೋಪಗೊಂಡು ಆ ಪಡೆಗಳನ್ನು ದೂರದ ಪೊಂತಕ್ಕೆ ವರ್ಗ ಮಾಡಲು ಹೊರಟ. ಅವರು ನಿಯೋಗ ಕಳುಹಿಸಿ ಬೇಡಿಕೊಂಡು ಇಲ್ಲೇ ಉಳಿದರು. ಮುಂದಿನ ಮಹಾದುರಂತಕ್ಕೆ ಬೀಜ ಬಿತ್ತಿದವರು ಇವರೇ ಎಂದು ಜೋಸೆಫಸ್ ನೊಂದು ಬರೆದಿದ್ದಾನೆ.

ಗೊಲ್ಗೊಥಾದ ದಾರಿಯಲ್ಲಿ ಕುರೇನೆಯ ಸೀಮೋನನೆಂಬ ದಾರಿಹೋಕನನ್ನು ಹಿಡಿದು ಶಿಲುಬೆ ಹೊರಿಸಿದ್ದು ಮತ್ತೆ ಅದೇ ಬಿಟ್ಟಿಯ ಹಕ್ಕು. ಅಲ್ಲಿ ಸಿಪಾಯಿಗಳ ಕೆಲಸ ನಿಯಮದಂತೆ ಸಾಗುತ್ತದೆ. ಶಿಲುಬೆಗೊಂದು ನಾಲ್ವರ ಕಾವಲು. ಸತ್ತವನ ಮೈಮೇಲಿನದು ವಧಿಸಿದವರ ಪಾಲು. ಅದಕ್ಕೇ ಬಟ್ಟೆಗಳ ಹಂಚಿಕೆ, ಹೊಲಿಗೆಯಿಲ್ಲದ ಒಳಂಗಿಗೆ ಚೀಟಿ. ಐವತ್ತು ದಿನಾರದ ಕಂತಿನಲ್ಲಿ ಏಳು ದಿನಾರ ಅಂಗಿಗೇ ಹೋಗುವ ಬದುಕಿನಲ್ಲಿ ಒಂದು ಒಳ್ಳೆಯ ಅಂಗಿ ಸಣ್ಣ ಗಳಿಕೆಯೇನಲ್ಲ. ಬಾಯಾರಿದವನ ತುಟಿಗೆ ಸ್ಪಂಜಿನಲ್ಲಿ ಒತ್ತಿದ ಹುಳಿರಸ ಅವರದೇ ನಿತ್ಯದ ಪಾನೀಯ: ಹುಳಿಯಾದ ದ್ರಾಕ್ಷಾರಸಕ್ಕೆ ನೀರು ಬೆರೆಸಿದ್ದು. 1968ರಲ್ಲಿ ಯೆರೂಸಲೇಮಿನ ಗಿವತ್ ಹಮಿವ್ತಾರ್‌ನ ಗವಿಸಮಾಧಿಯಲ್ಲಿ ಯೆಹೋಹಾನಾನ್ ಎಂಬವನ ಎಲುಬುಗಳು ಸಿಕ್ಕವು. ಹಿಮ್ಮಡಿಯ ಎಲುಬಿಗೆ ಹೊಡೆದ ಹನ್ನೊಂದೂವರೆ ಸೆಂಟಿಮೀಟರ್ ಉದ್ದದ ಮೊಳೆ ಹಾಗೇ ಇತ್ತು, ತುದಿ ಬಾಗಿತ್ತು. ಆ ಮೊಳೆಗೆ ಸುತ್ತಿಗೆ ಬೀಸಿದ ಕೈಯೂ ಸಂಬಳದ ಕೈಯೇ. ಯೇಸು ಪ್ರಾಣ ಬಿಟ್ಟಾಗ ಎದುರಿಗೆ ನಿಂತು ನೋಡುತ್ತಿದ್ದ ಶತಾಧಿಪತಿಯ ಬಾಯಿಂದ, ಈತನು ನಿಜವಾಗಿ ದೇವರ ಮಗನೆಂಬ ಮಾತು ಬಂತೆಂದು ಮಾರ್ಕ ಬರೆಯುತ್ತಾನೆ. ಸುವಾರ್ತೆಗಳು ಅವನಿಗೆ ಹೆಸರು ಕೊಟ್ಟಿಲ್ಲ. ಯೇಸುವಿನ ಪಕ್ಕೆಯನ್ನು ಈಟಿಯಿಂದ ತಿವಿದ ಸಿಪಾಯಿಗೆ ಅಂಟಿಕೊಂಡ ಲೊಂಗಿನಸ್ ಎಂಬ ಹೆಸರು ನಂತರದ ಭಕ್ತರ ಸೇರ್ಪಡೆ.

ಸರಪಳಿಯ ಎರಡು ತುದಿ

ಅಪೊಸ್ತಲರ ಕೃತ್ಯಗಳಲ್ಲಿ ಸಿಪಾಯಿಗಳಿಗೆ ಹೆಸರುಗಳು ಬರುತ್ತವೆ. ಅಂತೋನಿಯದ ಮೆಟ್ಟಿಲುಗಳ ಮೇಲೆ ಗುಂಪಿನ ಹೊಡೆತದಿಂದ ಅಪೊಸ್ತಲ ಪೌಲನನ್ನು ಎತ್ತಿಕೊಂಡು ಬಂದ ಸಹಸ್ರಾಧಿಪತಿ ಕ್ಲೌದ್ಯ ಲೂಸ್ಯ. ಕೊರಡೆಗೆ ಕಟ್ಟುವಾಗ ಪೌಲ ತಾನು ರೋಮಿನ ನಾಗರಿಕನೆಂದು ಹೇಳುತ್ತಾನೆ. ತಾನು ಬಹಳ ಹಣ ಕೊಟ್ಟು ಕೊಂಡದ್ದು ಈ ಕೈದಿಗೆ ಹುಟ್ಟಿನಿಂದಲೇ ಬಂದಿದೆಯೆಂದು ತಿಳಿದು ಲೂಸ್ಯ ಹೆದರುತ್ತಾನೆ. ಪೌಲನ ಮೇಲೆ ಕೊಲೆಯ ಸಂಚು ತಿಳಿದ ರಾತ್ರಿ 200 ಸಿಪಾಯಿ, 70 ಸವಾರ, 200 ಈಟಿಗಾರರ ಕಾವಲಿನಲ್ಲಿ ಅವನನ್ನು ಕೈಸರೈಯದ ಕಡೆಗೆ ಸಾಗಿಸುತ್ತಾನೆ. ಒಬ್ಬ ಕೈದಿಗೆ 470 ಜನ. ಆ ದಾರಿಗಳು ಎಷ್ಟು ಬಿಗುವಾಗಿದ್ದವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮುಂದೆ ವಿಚಾರಣೆಗಾಗಿ ರೋಮಿಗೆ ಹೋಗುವ ಹಡಗಿನಲ್ಲಿ ಪೌಲನ ಹೊಣೆ ಹೊತ್ತವನು ಔಗುಸ್ತ ಪಟಾಲಮಿನ ಶತಾಧಿಪತಿ ಯೂಲ್ಯ. 276 ಜನರಿದ್ದ ಹಡಗು ಮೆಲೀತೆ ದ್ವೀಪದ ಬಳಿ ಒಡೆಯುವಾಗ ಕೈದಿಗಳನ್ನೆಲ್ಲ ಕೊಂದುಬಿಡೋಣವೆಂದು ಸಿಪಾಯಿಗಳು ಹೇಳುತ್ತಾರೆ. ಕೈದಿ ತಪ್ಪಿಸಿಕೊಂಡರೆ ಕಾವಲುಗಾರನ ಜೀವಕ್ಕೇ ಸಂಚಕಾರ. ಯೂಲ್ಯ ತಡೆಯುತ್ತಾನೆ, ಎಲ್ಲರೂ ದಡ ಸೇರುತ್ತಾರೆ. ರೋಮಿನಲ್ಲಿ ಬಾಡಿಗೆಮನೆಯ ಪೌಲನಿಗೆ ಒಬ್ಬ ಸಿಪಾಯಿ ಕಾವಲು. ಸರಪಳಿಯ ಒಂದು ತುದಿಯಲ್ಲಿ ಇವನು, ಇನ್ನೊಂದರಲ್ಲಿ ಅವನು. ಎಫೆಸದವರಿಗೆ ಬರೆದ ಪತ್ರದಲ್ಲಿ ನಡುಕಟ್ಟು, ವಜ್ರಕವಚ, ಕೆರ, ಗುರಾಣಿ, ಶಿರಸ್ತ್ರಾಣ, ಕತ್ತಿ ಒಂದೊಂದಾಗಿ ಬಂದು ಸತ್ಯ, ನೀತಿ, ನಂಬಿಕೆಗಳಾಗುವುದನ್ನು ಓದಿದಾಗ ಅಷ್ಟು ಹತ್ತಿರ ಕುಳಿತು ಸಿಪಾಯಿಯನ್ನು ನೋಡಿದ ಕಣ್ಣುಗಳು ನೆನಪಾಗುತ್ತವೆ.

ಮಹಾದಳ ಬಂದಾಗ

ಕ್ರಿ.ಶ. 66ರಲ್ಲಿ ಕೈಸರೈಯದ ಬೀದಿಜಗಳ ಯುದ್ಧವಾಯಿತು. ಆ ಊರಿನಲ್ಲಿ ಒಂದೇ ತಾಸಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಯೆಹೂದ್ಯರ ಕೊಲೆಯಾಯಿತೆಂದು ಜೋಸೆಫಸ್ ಹೇಳುತ್ತಾನೆ. ಆಗ ನಿಜವಾದ ಲೀಜನ್‌ಗಳು ಬಂದವು. 70ರಲ್ಲಿ ಯೆರೂಸಲೇಮು ಬಿತ್ತು. ಆ ಮುತ್ತಿಗೆಯಲ್ಲಿ ಬಿಥೂನ್ಯದ ಯೂಲಿಯಾನಸ್ ಎಂಬ ಶತಾಧಿಪತಿ ಒಬ್ಬನೇ ಶತ್ರುಗಳನ್ನು ಅಟ್ಟಿಕೊಂಡು ದೇವಾಲಯದ ಅಂಗಳದಲ್ಲಿ ಓಡಿದ. ಅವನ ಕೆರದ ಅಟ್ಟೆಗೆ ಒತ್ತಾಗಿ ಬಡಿದಿದ್ದ ಕಬ್ಬಿಣದ ಮೊಳೆಗಳು ನುಣುಪಾದ ಹಾಸುಗಲ್ಲಿನ ಮೇಲೆ ಜಾರಿದವು. ಕವಚದ ಸದ್ದಿನೊಂದಿಗೆ ಬಿದ್ದವನನ್ನು ಮುತ್ತಿ ಕೊಂದರು. ದೇವಾಲಯ ಸುಟ್ಟುಹೋದ ಮೇಲೆ ಹತ್ತನೆಯ ಲೀಜನ್ ಪಟ್ಟಣದ ಪಾಳಿನ ಮೇಲೆ ಬೀಡುಬಿಟ್ಟಿತು. ಅದರ ಹೆಂಚು ಇಟ್ಟಿಗೆಗಳ ಮುದ್ರೆಯಲ್ಲಿ ಕಾಡುಹಂದಿಯ ಚಿತ್ರವಿದೆ. ಗೆರಸೇನರ ಸೀಮೆಯಲ್ಲಿ ಒಬ್ಬನನ್ನು ಹಿಡಿದಿದ್ದ ದೆವ್ವಗಳು ತಮ್ಮ ಹೆಸರು ಲೀಜನ್ ಎಂದು ಹೇಳಿ, ಸುಮಾರು ಎರಡು ಸಾವಿರ ಹಂದಿಗಳೊಳಗೆ ಹೊಕ್ಕು ಸರೋವರಕ್ಕೆ ಬಿದ್ದ ಕಥೆಯನ್ನು ಮಾರ್ಕನಲ್ಲಿ ಆ ದಿನಗಳ ಯೂದಾಯದವರು ಕೇಳಿದಾಗ ಅವರ ಎದೆಯಲ್ಲಿ ಏನೆದ್ದಿರಬೇಡ!

ಇಷ್ಟೆಲ್ಲ ಆದ ಮೇಲೆ, ಬಹುಪಾಲು ವಿದ್ವಾಂಸರ ಪ್ರಕಾರ, ಲೂಕ ಕೊರ್ನೇಲಿಯನ ಕಥೆ ಬರೆದ. ಅದೇ ಕೈಸರೈಯ. ಇತಾಲ್ಯ ಪಟಾಲಮಿನ ಶತಾಧಿಪತಿ. ಆ ಹೆಸರಿನ ಪಟಾಲಮು ಸಿರಿಯದ ಸೈನ್ಯದಲ್ಲಿತ್ತೆಂಬುದಕ್ಕೆ ಡ್ಯಾನ್ಯೂಬ್ ದಂಡೆಯ ಕಾರ್ನುಂತಮ್ಮಿನಲ್ಲಿ ಸಿಕ್ಕ ಸಮಾಧಿಕಲ್ಲು ಸಾಕ್ಷಿ. ಯೇಸುವಿನ ಶಿಷ್ಯ ಪೇತ್ರನನ್ನು ಕರೆತರಲು ಅವನು ಯೊಪ್ಪಕ್ಕೆ ಇಬ್ಬರು ಆಳುಗಳ ಜೊತೆ ಕಳುಹಿಸಿದ್ದು ಒಬ್ಬ ದೈವಭಕ್ತ ಸಿಪಾಯಿಯನ್ನು. ಸಿಪಾಯಿ ಬಾಗಿಲು ತಟ್ಟಿದರೆ ಜನ ಓಡಿಹೋಗುವ ಕಾಲ. ಪೇತ್ರ ಅವರನ್ನು ಒಳಗೆ ಕರೆದು ಇಳಿಸಿಕೊಳ್ಳುತ್ತಾನೆ, ಮರುದಿನ ಅವರೊಂದಿಗೆ ಹೊರಡುತ್ತಾನೆ. ಗಲಿಲಾಯದ ಮೀನುಗಾರ, ಗುರುವನ್ನು ಕೊಂದ ದಂಡಿನ ಊರಿಗೆ ಹೋಗಿ, ಅದೇ ದಂಡಿನ ಅಧಿಕಾರಿಯ ಮನೆಯಲ್ಲಿ ಉಳಿಯುತ್ತಾನೆ. ಅವರ ಜೊತೆ ಊಟ ಮಾಡಿದೆಯಲ್ಲ ಎಂದು ಸ್ವಂತ ಜನರಿಂದ ದೂರು ಕೇಳುತ್ತಾನೆ.

ಆ ಊಟದ ಫಲ ಕಣ್ಣಿಗೆ ಕಾಣುವಂತೆ ಉಳಿದಿದೆ. 2005ರಲ್ಲಿ ಇಸ್ರೇಲಿನ ಮೆಗಿದ್ದೋ ಸೆರೆಮನೆಯ ಆವರಣದಲ್ಲಿ, ಕೈದಿಗಳೂ ಕೈಜೋಡಿಸಿದ ಅಗೆತದಲ್ಲಿ, ಬಣ್ಣದ ಕಲ್ಲುಚೂರುಗಳ ಒಂದು ನೆಲಹಾಸು ಬೆಳಕಿಗೆ ಬಂತು. ಕ್ರಿ.ಶ. 230ರ ಸುಮಾರಿನದು, ಆರನೆಯ ಲೀಜನ್ ಬೀಡುಬಿಟ್ಟಿದ್ದ ಜಾಗ. ನಡುವೆ ಎರಡು ಮೀನಿನ ಚಿತ್ರ. ಅಕೆಪ್ತೂಸ್ ಎಂಬ ಹೆಂಗಸು ಒಂದು ಮೇಜನ್ನು ಯೇಸು ಕ್ರಿಸ್ತನಿಗೆ ಅರ್ಪಿಸಿದಳೆಂದು ಒಂದು ಬರಹ. ಈ ನೆಲವನ್ನು ಸ್ವಂತ ಹಣದಿಂದ ಮಾಡಿಸಿದವನು ಗಾಯಾನಸ್ ಎಂಬ ಶತಾಧಿಪತಿಯೆಂದು ಇನ್ನೊಂದು; ಅವನನ್ನು ಸಭೆಯವರು ಸಹೋದರನೆಂದು ಕರೆದಿದ್ದಾರೆ. ಎರಡು ಶತಮಾನಗಳ ಹಿಂದೆ ಇದೇ ನಾಡಿನಲ್ಲಿ ಅಂಗಿಗೆ ಚೀಟಿ ಹಾಕಿದವರ ಅಧಿಕಾರಿಯ ಹುದ್ದೆಯಲ್ಲೇ ಇದ್ದವನು ಇವನು.

ಕ್ರೈಸ್ತ ಶಾಸ್ತ್ರದ ಸಿಪಾಯಿಗಳನ್ನು ಬರಿಯ ಕ್ರೂರ ಪರದೇಶಿಗಳಾಗಿ ನೋಡಿದರೆ ಕಥೆ ಸುಲಭವಾಗುತ್ತದೆ, ಅದರ ಸತ್ಯ ಕಡಿಮೆಯಾಗುತ್ತದೆ. ದೊಡ್ಡ ಸಾಮ್ರಾಜ್ಯ ನೆರೆಹೊರೆಯವರ ಹಳೆಯ ದ್ವೇಷಕ್ಕೆ ಸಮವಸ್ತ್ರ ತೊಡಿಸಿ, ಅರೆಹೊಟ್ಟೆಯ ಸಂಬಳ ಕೊಟ್ಟು, ತನ್ನ ಕೆಲಸ ಮಾಡಿಸಿಕೊಂಡಿತು. ಮುಳ್ಳಿನ ಕಿರೀಟ ಹೆಣೆದದ್ದು ಆ ದ್ವೇಷ. ಅದೇ ಸಾಲಿನಿಂದ ಒಬ್ಬೊಬ್ಬರನ್ನು ಹೆಸರು ಹಿಡಿದು ಹೊರಗೆ ಕರೆದು, ಮನೆಯ ಬಾಗಿಲು ತೆರೆಯಿಸಿ, ಒಂದೇ ಪಂಕ್ತಿಯಲ್ಲಿ ಕೂರಿಸಿದ್ದು ಆ ಪುಟ್ಟ ಸಮುದಾಯದ ದೊಡ್ಡ ಧೈರ್ಯ. ದೂರದ ವೈರಿಯನ್ನು ಕ್ಷಮಿಸುವ ಮಾತು ಸುಲಭ; ದಿನವೂ ಎದುರಾಗುವ, ನಮ್ಮ ನೋವಿನ ಜಾಗ ಬಲ್ಲ ನೆರೆಯವನನ್ನು ಸಹೋದರನೆಂದು ಬರೆಸಲು ಆ ಎರಡನೆಯ ಮೈಲಿಯನ್ನು ನಡೆದೇ ತೀರಬೇಕು. ಮೊದಲ ಕ್ರೈಸ್ತರಲ್ಲಿ ಕೆಲವರಾದರೂ ಅದನ್ನು ನಡೆದರು.